ಕಿಟಕಿಗೂ ಒಂದು ಹಾಲ್‌ಮಾರ್ಕ್ ಬೇಕು

ಮನೆ ಕಟ್ಟಿಸುವವರು ಸಿಮೆಂಟ್ ಚೀಲದ ಮೇಲೆ ಐಎಸ್‌ಐ ಗುರುತು ಹುಡುಕ್ತಾರೆ. ಕಬ್ಬಿಣದ ಸರಳಿನ ಮೇಲೆ ಕಂಪನಿ ಹೆಸರು, ಗ್ರೇಡು ಉಬ್ಬಿಕೊಂಡೇ ಇರುತ್ತೆ. ವೈರು, ಸ್ವಿಚ್ಚು, ನೀರಿನ ಪೈಪು ಎಲ್ಲದಕ್ಕೂ ಒಂದಲ್ಲ ಒಂದು ನಂಬರ್ ಇದೆ. ಅದೇ ಮನೆಗೆ ಕೂರಿಸುವ ಕಟ್ಟಿಗೆಯ ಕಿಟಕಿಗೆ ಏನಿದೆ? "ಫಸ್ಟ್ ಕ್ಲಾಸ್ ಸಾಗವಾನಿ ಐತ್ರೀ" ಅನ್ನುವ ಮಾತು ಇದೆ, ಅಷ್ಟೇ. ಸಾವಿರಾರು ರೂಪಾಯಿಯ ವಸ್ತುವನ್ನು ಬರೀ ಒಂದು ಮಾತಿನ ಮೇಲೆ ಕೊಳ್ಳುವುದು ನಮ್ಮ ಕಡೆ ಇನ್ನೂ ನಡೀತಾ ಇದೆ. ಅದರಲ್ಲಿ ಕೊಳ್ಳುವವರಿಗೂ ನಷ್ಟ, ಪ್ರಾಮಾಣಿಕವಾಗಿ ಕೆಲಸ ಮಾಡುವ ಬಡಿಗೇರರಿಗೆ ಅದಕ್ಕಿಂತ ಹೆಚ್ಚು ನಷ್ಟ ಅನ್ನೋದು ನನ್ನ ವಾದ.

ನಮ್ಮ ಅಮ್ಮನ ತವರು ದೇವರಗುಡ್ಡ. ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವೆ, ರೈಲಿನಲ್ಲಿ ಹೋದವರು ಸ್ಟೇಷನ್ ಬೋರ್ಡ್ ನೋಡಿರ್ತೀರಿ. ಮಾಲತೇಶನ ಗುಡಿ ಇರುವ ಊರು. ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯೋದನ್ನ ಕೇಳೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನುಡಿಯೋದು ಒಂದೇ ಸಾಲು. ಆಮೇಲೆ ಅದು ಮಳೆ ಬಗ್ಗೆಯೋ, ಬೆಳೆ ಬಗ್ಗೆಯೋ, ರಾಜಕೀಯದ ಬಗ್ಗೆಯೋ ಅಂತ ವಾರಗಟ್ಟಲೆ ಅರ್ಥ ಹಚ್ಚೋದು ನಡೆಯುತ್ತೆ. ದೇವರ ಮಾತಿಗೆ ಅದು ಸರಿ. ಆದ್ರೆ ಕಿಟಕಿಯ ಕಟ್ಟಿಗೆಗೂ "ಫಸ್ಟ್ ಕ್ಲಾಸ್" ಅನ್ನೋ ಒಂದು ಮಾತು ಹೇಳಿ, ಅದರ ಅರ್ಥವನ್ನು ಮಳೆಗಾಲ ಬಂದ ಮೇಲೆ ನಾವೇ ಕಂಡ್ಕೊಳ್ಳಬೇಕು ಅಂದ್ರೆ ಹೇಗೆ?

ನಮ್ಮ ಮಾಮಾ ಮನೆ ಕಟ್ಟಿಸಿ ಮೂರು ವರ್ಷ ಆಯ್ತು. ಅಲ್ಲಿ ಆದದ್ದು ಇದೇ. ಮೊದಲ ಮಾರ್ಚ್‌ನಲ್ಲಿ ಕಿಟಕಿ ಬಾಗಿಲ ಹಲಗೆಗಳ ನಡುವೆ ಬೆಳಕು ಕಾಣೋಕೆ ಶುರುವಾಯ್ತು. ಜುಲೈಯಲ್ಲಿ ಅದೇ ಕಿಟಕಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು, ಮುಚ್ಚಿದ್ರೆ ತೆಗೆಯೋಕೆ ಬರಲ್ಲ, ತೆಗೆದ್ರೆ ಮುಚ್ಚೋಕೆ ಬರಲ್ಲ. ಉಬ್ಬಿದ್ದನ್ನು ಕೀಸಿಸಿದ್ರು. ಮತ್ತೆ ಬೇಸಿಗೆ ಬಂದಾಗ ಕೀಸಿದ ಕಡೆ ಬೆರಳು ಹೋಗುವಷ್ಟು ಸಂದು. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಕಟ್ಟಿಗಿ ಹಸಿ ಇತ್ತು." ಮನೆ ಕಟ್ಟುವಾಗ ಇದನ್ನ ಯಾಕೆ ಯಾರೂ ಹೇಳಲಿಲ್ಲ ಅಂದ್ರೆ, ಹಸಿ ಅನ್ನೋದು ಎಷ್ಟು ಹಸಿ ಅಂತ ಯಾರೂ ಅಳೆದಿರಲಿಲ್ಲ.

ಈ "ಎಷ್ಟು" ಅನ್ನೋದು ಎಂಜಿನಿಯರಿಂಗ್ ವಿಷಯ, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. ಕಟ್ಟಿಗೆಯ ತೇವಾಂಶ ಅಂದ್ರೆ ಅದರಲ್ಲಿರುವ ನೀರಿನ ತೂಕವನ್ನು ಪೂರ್ತಿ ಒಣಗಿದ ಕಟ್ಟಿಗೆಯ ತೂಕದಿಂದ ಭಾಗಿಸಿ ಶೇಕಡಾ ಮಾಡೋದು. ಒಂದು ತುಂಡು 62 ಗ್ರಾಂ ತೂಗಿ, ಓವನ್‌ನಲ್ಲಿ 103 ಡಿಗ್ರಿ ಆಸುಪಾಸಿನಲ್ಲಿ ತೂಕ ಇಳಿಯೋದು ನಿಲ್ಲೋವರೆಗೆ ಒಣಗಿಸಿದಾಗ 50 ಗ್ರಾಂ ಆದರೆ, ತೇವಾಂಶ ಶೇ. 24. ಸುಮಾರು ಶೇ. 30ರ ಮೇಲೆ ಇರುವಷ್ಟು ಹೊತ್ತು ಕಟ್ಟಿಗೆ ಕುಗ್ಗೋದಿಲ್ಲ, ಬರೀ ಹಗುರ ಆಗುತ್ತೆ. ಅದಕ್ಕಿಂತ ಕೆಳಗೆ ಇಳಿದಾಗ ನಿಜವಾದ ಆಟ ಶುರು. ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು, ಅಗಲಕ್ಕೆ ಕುಗ್ಗುತ್ತೆ. ಅದರಲ್ಲೂ ಮರದ ವರ್ಷದ ಉಂಗುರಗಳ ಗುಂಟ ಕುಗ್ಗೋದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗೋದರ ಹೆಚ್ಚುಕಮ್ಮಿ ಎರಡು ಪಟ್ಟು. ಹಲಗೆ ಸೊಟ್ಟ ಆಗೋದಕ್ಕೆ ಕಾರಣವೂ ಇದೇ, ಎರಡು ದಿಕ್ಕಿಗೆ ಎರಡು ಲೆಕ್ಕ.

ಸಾಗವಾನಿ ಇದರಲ್ಲಿ ಒಳ್ಳೇ ಹುಡುಗ, ಬೇರೆ ಮರಗಳಿಗಿಂತ ಕಮ್ಮಿ ಕುಗ್ಗುತ್ತೆ. ಆದ್ರೂ ಉಂಗುರದ ಗುಂಟ ಪೂರ್ತಿ ಒಣಗೋವಷ್ಟರಲ್ಲಿ ಸುಮಾರು ಶೇ. 5.5 ಅಂತ ಇಟ್ಕೊಳ್ಳಿ. ಶೇ. 24 ತೇವಾಂಶದ ಹಲಗೆ ಮನೆಗೆ ಬಂದು ಶೇ. 12ಕ್ಕೆ ಇಳಿದ್ರೆ, 30ರಲ್ಲಿ 12 ಭಾಗ, ಅಂದ್ರೆ ಶೇ. 2.2 ಕುಗ್ಗುತ್ತೆ. 300 ಮಿ.ಮೀ. ಅಗಲದ ಹಲಗೆಗೆ ಅದು ಆರೂವರೆ ಮಿ.ಮೀ. ಮಾಮಾನ ಮನೆಯ ಕಿಟಕಿಯಲ್ಲಿ ಬೆಳಕು ಬಂದದ್ದು ಇಷ್ಟೇ ಜಾಗದಿಂದ. ಕಟ್ಟಿಗೆ ಒಳ್ಳೇದೇ ಇದ್ದಿರಬಹುದು, ಬಡಿಗೇರರ ಕೈಯೂ ಒಳ್ಳೇದೇ ಇದ್ದಿರಬಹುದು. ಶೇ. 24ರಲ್ಲಿ ಕೆಲಸ ಮಾಡಿದರೆ ಯಾವ ಕೈಯೂ ಅದನ್ನು ಉಳಿಸೋಕೆ ಆಗಲ್ಲ.

ಹಾಗಾದ್ರೆ ಇದಕ್ಕೆ ನಿಯಮವೇ ಇಲ್ವಾ? ಇದೆ, ಬೇಕಾದಷ್ಟು ಇದೆ. ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಶುರುವಾಗಿದ್ದು 1947ರಲ್ಲಿ. 1987ರಲ್ಲಿ ಅದು ಭಾರತೀಯ ಮಾನಕ ಬ್ಯೂರೋ, ಅಂದ್ರೆ ಬಿಐಎಸ್ ಆಯ್ತು. ಹೆಸರು ಹೋದರೂ ಐಎಸ್‌ಐ ಗುರುತು ಮಾತ್ರ ಉಳಿದುಕೊಂಡಿದೆ. ಚೌಕಟ್ಟಿಗೆ ಐಎಸ್ 4021, ಕಿಟಕಿ ಬಾಗಿಲಿಗೆ ಐಎಸ್ 1003ರ ಎರಡನೇ ಭಾಗ, ಕಟ್ಟಿಗೆ ಒಣಗಿಸೋದು ಹೇಗೆ ಅನ್ನೋದಕ್ಕೆ ಐಎಸ್ 1141, ಹುಳ ಹಿಡಿಯದಂತೆ ಔಷಧಿ ಹಾಕೋದಕ್ಕೆ ಐಎಸ್ 401. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಐಎಸ್ 287. ಕೆಲವೇ ಪುಟ, ಒಂದು ಕೋಷ್ಟಕ. ದೇಶವನ್ನು ಗಾಳಿಯ ತೇವದ ಲೆಕ್ಕದಲ್ಲಿ ನಾಲ್ಕು ವಲಯ ಮಾಡಿ, ಯಾವ ವಲಯದಲ್ಲಿ ಯಾವ ಕೆಲಸಕ್ಕೆ ಕಟ್ಟಿಗೆ ಎಷ್ಟು ಒಣಗಿರಬೇಕು ಅಂತ ಹೇಳುತ್ತೆ. ಬಾಗಿಲು ಕಿಟಕಿಯಲ್ಲಿ 50 ಮಿ.ಮೀ.ಗಿಂತ ತೆಳು ಕಟ್ಟಿಗೆಗೆ ಅತಿ ಒಣ ವಲಯದಲ್ಲಿ ಶೇ. 8, ಆಮೇಲೆ 10, 12, ಅತಿ ತೇವದ ವಲಯದಲ್ಲಿ 14. ದಪ್ಪ ಕಟ್ಟಿಗೆಗೆ ಇದಕ್ಕಿಂತ ಎರಡೆರಡು ಹೆಚ್ಚು. ಸ್ವಲ್ಪ ಆಚೀಚೆಗೆ ಅವಕಾಶ ಇದೆ, ಆದ್ರೆ 24 ಅನ್ನೋದು ಕರಾವಳಿಗೂ ಒಪ್ಪೋ ಸಂಖ್ಯೆ ಅಲ್ಲ.

ಈ ಮಾನಕಗಳನ್ನು ಈಗ ಬಿಐಎಸ್ ತಾಣದಿಂದ ದುಡ್ಡು ಕೊಡದೇ ಇಳಿಸಿಕೊಳ್ಳಬಹುದು. ಮೊಬೈಲ್ ಇದ್ದವರಿಗೆಲ್ಲ ಸಿಗುತ್ತೆ ಅಂತ ಖುಷಿ ಪಡೋ ಮೊದಲು ಒಂದು ತೆಗೆದು ಓದಿ ನೋಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೇ ಒಂದು ಪುಟಕ್ಕೆ ಎರಡು ಸಲ ಬೇರೆ ಮಾನಕ ತೆಗೀಬೇಕಾಯ್ತು, ಯಾಕಂದ್ರೆ ಒಂದು ಇನ್ನೊಂದನ್ನ ನೋಡು ಅನ್ನುತ್ತೆ, ಅದು ಮತ್ತೊಂದನ್ನ. ಕನ್ನಡದಲ್ಲಿ ಇವುಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಸೀಸನಿಂಗ್ ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಪಿಜ್ಜಾ ಮೇಲೆ ಉದುರಿಸೋ ಪುಡಿ. ಕಟ್ಟಿಗೆ ಜೊತೆ ಐವತ್ತು ವರ್ಷ ಕಳೆದವರಿಗೆ ಆ ಪದ ಗೊತ್ತಿಲ್ಲದೇ ಇರಬಹುದು, ಆದ್ರೆ ಕೆಲಸ ಗೊತ್ತು.

ಹೇಗೆ ಗೊತ್ತು ಅಂದ್ರೆ, ಈ ದಸರಾ ರಜೆಯಲ್ಲಿ ಊರಿಗೆ ಹೋದಾಗ ಒಬ್ಬ ಬಡಿಗೇರ ಕಾಕಾನನ್ನು ನೇರವಾಗೇ ಕೇಳಿದೆ: "ಕಾಕಾ, ಕಟ್ಟಿಗಿ ಒಣಗಿಸದ ಯಾಕ ಕೆಲಸ ಹಿಡೀತೀರಿ?" ಅವರು ಸಿಟ್ಟಾಗಲಿಲ್ಲ, ನಕ್ಕರು.

"ಒಣಗಸಾಕ ಯಾರ್ ಬಿಡ್ತಾರ ತಂಗಿ? ನಮ್ಮಪ್ಪನ ಕಾಲಕ್ಕ ಮನಿ ಕಟ್ಟಬೇಕು ಅಂದ್ರ ಎರಡ ವರ್ಷ ಮೊದ್ಲ ಗಿಡಾ ಕಡದು ಅಟ್ಟದ ಮ್ಯಾಲೆ ಹಾಕತಿದ್ರು. ಈಗ ಮನಿ ಶಾಂತಿ ಕಾರ್ಡ್ ಪ್ರಿಂಟ್ ಆದಮ್ಯಾಲೆ ನನ್ ಕಡೆ ಬರ್ತಾರ. ಡಿಪೋದಾಗಿಂದ ನಿನ್ನೆ ಬಂದ ಕಟ್ಟಿಗಿ, ಇವತ್ತ ಕೊರೀಬೇಕು, ನಾಳೆ ಕೂಡಸಬೇಕು."

ಇನ್ನೊಂದು ಮಾತು ಹೇಳಿದ್ರು, ಅದು ನನ್ನ ತಲೆಯಲ್ಲಿ ಕೂತಿದೆ. ಅವರು ಒಬ್ಬರಿಗೆ ನಾಲ್ಕು ತಿಂಗಳು ಒಣಗಿಸಿದ ಕಟ್ಟಿಗೆಯಲ್ಲಿ ಕಿಟಕಿ ಮಾಡಿಕೊಡ್ತೀನಿ, ರೇಟು ಸ್ವಲ್ಪ ಜಾಸ್ತಿ ಅಂದಿದ್ದರಂತೆ. ಮನೆಯವರು ಕಮ್ಮಿ ಹೇಳಿದ ಇನ್ನೊಬ್ಬರ ಕಡೆ ಹೋದರು. "ಎರಡೂ ಕಿಡಕಿ ಬಾಜೂ ಬಾಜೂ ಇಟ್ರ ನೋಡಾಕ ಒಂದ ಥರಾ ಇರ್ತಾವ. ನಂದು ಒಣಗೇತಿ ಅಂತ ನಾ ಹೆಂಗ ತೋರ್ಸಲಿ?"

ಇಡೀ ಸಮಸ್ಯೆ ಈ ಪ್ರಶ್ನೆಯಲ್ಲೇ ಇದೆ. ತೋರಿಸೋಕೆ ಆಗದೇ ಇದ್ರೆ ಗುಣಮಟ್ಟಕ್ಕೆ ಬೆಲೆ ಸಿಗಲ್ಲ. ಬೆಲೆ ಸಿಗದೇ ಇದ್ರೆ ಒಳ್ಳೇ ಕೆಲಸದವರೂ ಹಸಿ ಕಟ್ಟಿಗೆಗೇ ಇಳೀತಾರೆ. ಆಮೇಲೆ ಎಲ್ಲ ಕಿಟಕಿಯೂ ಸೊಟ್ಟ ಆಗಿ, ಜನ ಕಟ್ಟಿಗೆಯ ಸಹವಾಸವೇ ಬೇಡ ಅಂತ ಅಲ್ಯೂಮಿನಿಯಂಗೋ ಯುಪಿವಿಸಿಗೋ ಹೋಗ್ತಾರೆ. ಹೋಗೋದು ತಪ್ಪಲ್ಲ. ಆದ್ರೆ ಕಟ್ಟಿಗೆ ಸೋತದ್ದು ಕಟ್ಟಿಗೆಯ ದೋಷದಿಂದ ಅಲ್ಲ, ಒಣಗಿಸದ್ದರಿಂದ ಅನ್ನೋದು ಯಾರಿಗೂ ಗೊತ್ತಾಗೋದೇ ಇಲ್ಲ.

ಅಜ್ಜನ ಕಾಲದ ನಂಬಿಕೆ ಈಗ ಯಾಕೆ ಸಾಲದು ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. ಆಗ ಮರ ಎಲ್ಲಿಂದ ಬಂತು ಅಂತ ಗೊತ್ತಿರುತ್ತಿತ್ತು. ಈಗ ಸಾಗವಾನಿ ಅಂದ್ರೆ ಕಾಡಿನ ಹಳೇ ಮರವೂ ಇರಬಹುದು, ಹೊಲದ ಬದುವಿನ ಮೇಲೆ ಬೆಳೆದ ಎಳೇ ಮರವೂ ಇರಬಹುದು, ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದೂ ಇರಬಹುದು. ಎಳೇ ಮರದಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು, ಅದಕ್ಕೆ ಹುಳ ಬೇಗ ಬೀಳುತ್ತೆ. ಪಾಲಿಶ್ ಹೊಡೆದ ಮೇಲೆ ಎಲ್ಲ ಒಂದೇ ಬಣ್ಣ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಒಂದು ತುಂಡು ಕೊಟ್ಟರೆ ಅದು ಯಾವ ಮರ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳ್ತಾರೆ. ದೇವರಗುಡ್ಡದಲ್ಲಿ ನಾಲ್ಕು ಕಿಟಕಿ ಮಾಡಿಸುವವರು ಅಲ್ಲಿಗೆ ಹೋಗಲ್ಲ, ಹೋಗಬೇಕು ಅಂತ ಹೇಳೋದೂ ತಮಾಷೆ.

"ಹಳ್ಳಿ ಜನಕ್ಕೆ ಸ್ಟ್ಯಾಂಡರ್ಡ್ ಗಿಂಡರ್ಡ್ ಅರ್ಥ ಆಗಲ್ಲ" ಅಂತ ನಮ್ಮ ಕ್ಲಾಸಲ್ಲೇ ಒಬ್ಬರು ಹೇಳಿದ್ರು. ನಾನಿದನ್ನು ಒಪ್ಪಲ್ಲ. ನಮ್ಮ ತಾಲೂಕಿನ ರೈತರು ಬೀಜದ ಚೀಲ ಕೊಳ್ಳುವಾಗ ಪ್ರಮಾಣಿತ ಬೀಜದ ನೀಲಿ ಚೀಟಿ ನೋಡ್ತಾರೆ, ಮೊಳಕೆ ಶೇಕಡಾ ಎಷ್ಟು ಅಂತ ಓದ್ತಾರೆ. ಪಕ್ಕದ ಬ್ಯಾಡಗಿ ಮಾರುಕಟ್ಟೆಗೆ ಹೋಗಿ. ಮೆಣಸಿನಕಾಯಿ ಕೈಯಲ್ಲಿ ಮುರಿದು, ಎಷ್ಟು ಒಣಗಿದೆ ಅಂತ ನೋಡಿಯೇ ರೇಟು ಹಾಕೋದು. ಹಸಿ ಮಾಲಿಗೆ ರೇಟು ಬೀಳುತ್ತೆ ಅಂತ ಪ್ರತಿಯೊಬ್ಬ ರೈತನಿಗೂ ಗೊತ್ತು. ಹೊರದೇಶಕ್ಕೆ ಹೋಗೋ ಮಾಲಿನ ಬಣ್ಣವನ್ನು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಮಾಡಿದ ಅಳತೆಯಲ್ಲಿ, ಆಸ್ಟಾ ಅಂತ ಕರೀತಾರಲ್ಲ, ಅದರಲ್ಲಿ ಸಂಖ್ಯೆ ಹಾಕಿ ಹೇಳ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಬಂತು. ತೇವಾಂಶ ಜಾಸ್ತಿ ಇದ್ರೆ ಬೆಲೆ ಕಮ್ಮಿ ಅನ್ನೋ ಪಾಠ ಹಾವೇರಿ ಜಿಲ್ಲೆಗೆ ನಾವು ಕಲಿಸಬೇಕಾಗಿಲ್ಲ. ಮೆಣಸಿನಕಾಯಿಗೆ ಇರೋದು ಕಟ್ಟಿಗೆಗೆ ಇಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಐಎಸ್‌ಐ ಗುರುತನ್ನೇ ಬಡಿಗೇರರು ತಗೊಳ್ಳಬಾರದಾ? ಕಾಗದದ ಮೇಲೆ ತಗೊಳ್ಳಬಹುದು. ಆದ್ರೆ ಆ ಪದ್ಧತಿ ಮಾಡಿರೋದು ಕಾರ್ಖಾನೆಗೆ. ಅರ್ಜಿ, ಕಾರ್ಖಾನೆಗೆ ಭೇಟಿ, ಸಾಮಾನ್ಯವಾಗಿ ಅಲ್ಲೇ ಪರೀಕ್ಷೆಗೆ ಲ್ಯಾಬು, ತಪಾಸಣೆಯ ದಾಖಲೆ, ವರ್ಷ ವರ್ಷ ಶುಲ್ಕ. ಒಂದೇ ಅಳತೆಯ ಸಾವಿರ ಬಾಗಿಲು ಮಾಡುವ ಕಂಪನಿಗೆ ಅದು ಸರಿ. ಪ್ಲೈವುಡ್ಡಿಗೂ ಫ್ಲಶ್ ಡೋರಿಗೂ ಕೇಂದ್ರ ಸರ್ಕಾರ ಇತ್ತೀಚೆಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ ತಂದಿದೆ, ಅವು ಕಾರ್ಖಾನೆ ಮಾಲು ಆದ್ದರಿಂದ ಅರ್ಥ ಇದೆ. ಮನೆಗೊಂದು ಅಳತೆ, ವರ್ಷಕ್ಕೆ ಐವತ್ತೋ ಅರವತ್ತೋ ಕಿಟಕಿ, ತಗಡಿನ ಶೆಡ್ಡಿನಲ್ಲಿ ಇಬ್ಬರೇ ಕೆಲಸ ಮಾಡುವವರ ಮೇಲೆ ಇದನ್ನೇ ಹೇರಿದ್ರೆ ಅವರು ಅಂಗಡಿ ಮುಚ್ಚಬೇಕಾಗುತ್ತೆ.

ಹಾಗಾದ್ರೆ ಲ್ಯಾಬ್ ಇಲ್ಲದವರಿಗೆ ಗುರುತು ಹೇಗೆ? ಇದಕ್ಕೆ ಉತ್ತರ ಅದೇ ಬಿಐಎಸ್ ಹತ್ತಿರ ಇದೆ, ಚಿನ್ನದ ವಿಷಯದಲ್ಲಿ. ಚಿನ್ನದ ಅಂಗಡಿಯವರು ಲ್ಯಾಬ್ ಇಟ್ಕೊಳ್ಳಲ್ಲ. ಬಿಐಎಸ್‌ನಲ್ಲಿ ಹೆಸರು ನೋಂದಾಯಿಸಿ, ಮಾಡಿದ ಒಡವೆಯನ್ನು ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಕಳಿಸ್ತಾರೆ. ಕೇಂದ್ರದವರು ಪರೀಕ್ಷೆ ಮಾಡಿ, ಒಂದೊಂದು ಒಡವೆಗೂ ಆರು ಅಕ್ಷರ-ಅಂಕಿಯ ಗುರುತು ಕೊರೆದು ವಾಪಸ್ ಕೊಡ್ತಾರೆ. 2000ದಲ್ಲಿ ಇಷ್ಟ ಇದ್ದವರಿಗೆ ಅಂತ ಶುರುವಾದದ್ದು 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯ ಆಯ್ತು. ಗ್ರಾಹಕರು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಗುರುತು ಹಾಕಿ ನೋಡಬಹುದು. ಅಂದ್ರೆ ಮಾಡುವವರು ಬೇರೆ, ಅಳೆಯುವವರು ಬೇರೆ, ಗುರುತು ಇರೋದು ವಸ್ತುವಿನ ಮೇಲೆ. ಅಕ್ಕಸಾಲಿಗರೂ ಬಡಿಗೇರರೂ ಪಂಚಾಳದವರೇ, ಅಣ್ಣತಮ್ಮಂದಿರ ಕಸುಬು. ಒಬ್ಬರಿಗೆ ಇರೋ ವ್ಯವಸ್ಥೆ ಇನ್ನೊಬ್ಬರಿಗೆ ಯಾಕೆ ಇರಬಾರದು?

ಇದು ನನ್ನ ಹಗಲುಗನಸು ಮಾತ್ರ ಅಂತಲೂ ಅಲ್ಲ. ಯುರೋಪಿನಲ್ಲಿ ಕಿಟಕಿಗೆ ಇಎನ್ 14351-1 ಅನ್ನೋ ಮಾನಕ ಇದೆ, ಗಾಳಿಗೆ, ಮಳೆಗೆ ಕಿಟಕಿ ಹೇಗೆ ತಡೆಯುತ್ತೆ ಅಂತ ಪರೀಕ್ಷೆ ಆಗಬೇಕು. ಅಲ್ಲೂ ಸಣ್ಣ ಮರಗೆಲಸದವರು ಇದ್ದಾರೆ. ಅವರಿಗೋಸ್ಕರ 2011ರ ಕಟ್ಟಡ ಸಾಮಗ್ರಿ ನಿಯಮದಲ್ಲೇ ದಾರಿ ಇಟ್ಟಿದ್ದಾರೆ: ಒಬ್ಬರು ಮಾಡಿಸಿದ ಪರೀಕ್ಷೆಯ ಫಲಿತಾಂಶವನ್ನು, ಅವರ ಒಪ್ಪಿಗೆ ಇದ್ದರೆ, ಅದೇ ವಿನ್ಯಾಸದಲ್ಲಿ ಮಾಡುವ ಇನ್ನೊಬ್ಬರು ಬಳಸಬಹುದು.

ನನ್ನ ಸಲಹೆ ಇಷ್ಟು. ರಾಣೆಬೆನ್ನೂರಿನಂಥ ತಾಲೂಕು ಊರಲ್ಲಿ, ಒಂದು ಐಟಿಐಯಲ್ಲೋ ಪಾಲಿಟೆಕ್ನಿಕ್‌ನಲ್ಲೋ ಒಂದು ಕೋಣೆ. ಅಲ್ಲಿ ಓವನ್, ತಕ್ಕಡಿ, ಮುಳ್ಳು ಚುಚ್ಚಿ ತೇವ ನೋಡುವ ಮೀಟರ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಸಾಗವಾನಿಯ ಅಡ್ಡ ಕೊಯ್ತದಲ್ಲಿ ದೊಡ್ಡ ರಂಧ್ರಗಳು ಉಂಗುರಕ್ಕೆ ಸಾಲಾಗಿ ಕೂತಿರ್ತವೆ, ಅಭ್ಯಾಸ ಆದವರಿಗೆ ಕನ್ನಡಿಯಲ್ಲೇ ಗೊತ್ತಾಗುತ್ತೆ. ಬಡಿಗೇರರು ಕೊರೆಯುವ ಮೊದಲು ಹಲಗೆ ತರಬೇಕು. ಮರದ ಹೆಸರು, ತೇವಾಂಶ, ಅಳೆದ ತಾರೀಖು, ಬಡಿಗೇರರ ನಂಬರ್, ಈ ನಾಲ್ಕನ್ನು ಚೌಕಟ್ಟಿನ ಒಳಬದಿಗೆ ಸುಟ್ಟ ಮುದ್ರೆಯಲ್ಲಿ ಹಾಕಬೇಕು. ಕಡ್ಡಾಯ ಬೇಡ. ಕಾಕಾನಂಥವರು ತಾವಾಗೇ ಬರ್ತಾರೆ, ಯಾಕಂದ್ರೆ ತೋರಿಸೋಕೆ ಅವರ ಹತ್ತಿರ ಏನಾದ್ರೂ ಇರುತ್ತೆ.

ಇದಕ್ಕೆ ಬರೋ ಆಕ್ಷೇಪಗಳು ನನಗೆ ಗೊತ್ತು. "ಇನ್ನೊಂದು ಕಚೇರಿ, ಇನ್ನೊಂದು ಕೈಬಿಸಿ" ಅಂತ ನಮ್ಮ ಮಾಮಾನೇ ಅಂದ್ರು. ಅದಕ್ಕೇ ಮನೆಯವರ ಮುಂದೆಯೇ ಅಳೆಯಬೇಕು. ಮೀಟರ್ ಚುಚ್ಚಿದ ಕೂಡಲೇ ಸಂಖ್ಯೆ ಎಲ್ಲರಿಗೂ ಕಾಣುತ್ತೆ, ಅದರಲ್ಲಿ ಗುಟ್ಟಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ತೇವಾಂಶ ಚಿನ್ನದ ಕ್ಯಾರೆಟ್ ಥರ ನಿಂತಲ್ಲಿ ನಿಲ್ಲಲ್ಲ. ಇವತ್ತು ಶೇ. 12 ಇದ್ದ ಹಲಗೆ ಶ್ರಾವಣದ ಜಡಿಮಳೆಯಲ್ಲಿ ಶೆಡ್ಡಿನ ಹೊರಗೆ ಬಿದ್ದಿದ್ರೆ ಮತ್ತೆ ನೀರು ಹೀರುತ್ತೆ. ನಿಜ, ಆದ್ದರಿಂದಲೇ ತಾರೀಖು ಬೇಕು ಅಂದಿದ್ದು, ಮನೆಗೆ ಕೂರಿಸೋ ದಿನ ಇನ್ನೊಮ್ಮೆ ಮೀಟರ್ ಹಿಡಿಯೋದೂ ಒಳ್ಳೇದು. ಮೀಟರ್ ಕೂಡ ಮರದಿಂದ ಮರಕ್ಕೆ ಸ್ವಲ್ಪ ಬೇರೆ ತೋರಿಸುತ್ತೆ, ಅದಕ್ಕೆ ತಿದ್ದುಪಡಿ ಕೋಷ್ಟಕ ಬೇಕು. ಇದು ನಮ್ಮಂಥವರು ಮಾಡಿಕೊಡಬಹುದಾದ ಕೆಲಸ.

ಮುದ್ರೆ ಬಿದ್ದ ಮಾತ್ರಕ್ಕೆ ಕಿಟಕಿ ಸರಿ ಇರುತ್ತೆ ಅಂತಲೂ ನಾನು ಹೇಳ್ತಿಲ್ಲ. ಒಂದು ಕಟ್ಟಿಗೆಯಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಕೂರೋ ನಾಲಿಗೆ, ಈ ಜೋಡಣೆ ಬಿಗಿಯಾಗಿರಬೇಕು. ನಡುವಿನ ಹಲಗೆ ಗಾಡಿಯೊಳಗೆ ಸಡಿಲಾಗಿ ಕೂತು, ಕುಗ್ಗೋಕೆ ಹಿಗ್ಗೋಕೆ ಜಾಗ ಇರಬೇಕು. ಅದಕ್ಕೆ ಮೊಳೆ ಹೊಡೆದ್ರೆ ಒಣ ಕಟ್ಟಿಗೆಯೂ ಸೀಳುತ್ತೆ. ಇದನ್ನ ನೋಡೋಕೆ ಮೀಟರ್ ಸಾಲದು, ಅನುಭವದ ಕಣ್ಣು ಬೇಕು. ಆದ್ರೆ ಎಲ್ಲವನ್ನೂ ಅಳೆಯೋಕೆ ಆಗಲ್ಲ ಅಂತ ಅಳೆಯೋಕೆ ಆಗೋದನ್ನೂ ಬಿಡೋದು ಸರಿಯಲ್ಲ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಬಡಿಗತನವೂ ಅದರಲ್ಲಿ ಒಂದು. 15,000 ರೂಪಾಯಿಯ ಉಪಕರಣ, ತರಬೇತಿಗೆ ದಿನಕ್ಕೆ 500 ರೂಪಾಯಿ, ಕಮ್ಮಿ ಬಡ್ಡಿಯ ಸಾಲ, ಇವು ಎಲ್ಲರಿಗೂ ಗೊತ್ತಿರೋ ಭಾಗ. ಅದೇ ಯೋಜನೆಯ ಮಾರುಕಟ್ಟೆ ನೆರವಿನಲ್ಲಿ ಗುಣಮಟ್ಟ ಪ್ರಮಾಣೀಕರಣ ಅಂತ ಬರೆದೇ ಇದೆ. ಕಾಕಾನಿಗೆ ಯೋಜನೆ ಅಂದ್ರೆ ಟೂಲ್ ಕಿಟ್ ಅಂತ ಮಾತ್ರ ಗೊತ್ತು. ಆ ಪ್ರಮಾಣೀಕರಣದ ಸಾಲನ್ನ ಹಿಡಿದು ಕೇಳೋರು ಬೇಕು.

ಕೇಳೋ ಮೊದಲು ಕೈಯಲ್ಲಿ ಒಂದಿಷ್ಟು ಸಂಖ್ಯೆ ಇರಬೇಕು. ನಮ್ಮ ಕಾಲೇಜಿನ ಸಿವಿಲ್ ಬ್ಲಾಕ್‌ನಲ್ಲಿ ಮಣ್ಣಿನ ತೇವಾಂಶ ನೋಡೋ ಓವನ್ ಇದೆ. ಮಣ್ಣಿಗೂ ಕಟ್ಟಿಗೆಗೂ ಸೂತ್ರ ಒಂದೇ, ಉಷ್ಣತೆಯೂ ಹತ್ತಿರ ಹತ್ತಿರ ಒಂದೇ. ಮುಂದಿನ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾನು ದೇವರಗುಡ್ಡ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಮರಗೆಲಸದ ಶೆಡ್‌ಗಳಿಂದ, ಒಪ್ಪಿಗೆ ಕೊಟ್ಟವರ ಹತ್ತಿರ, ಕೊರೆಯುವ ದಿನವೇ ಒಂದೊಂದು ತುಂಡು ತಂದು ಒಣಗಿಸಿ ನೋಡಬೇಕು ಅಂತಿದ್ದೀನಿ. ಯಾರ ಹೆಸರೂ ಹಾಕಲ್ಲ, ಸಂಖ್ಯೆ ಮಾತ್ರ. ಐಎಸ್ 287ರ ಕೋಷ್ಟಕವನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಶೆಡ್‌ಗಳಿಗೆ ಹಂಚೋದು ಅದರ ಜೊತೆಗೇ. ಎಲೆಕ್ಟ್ರಾನಿಕ್ಸ್‌ನವರು ಇದ್ರೆ ಮೀಟರ್ ನಾವೇ ಮಾಡಬಹುದಾ ನೋಡೋಣ, ಕಟ್ಟಿಗೆಯ ರೆಸಿಸ್ಟೆನ್ಸ್ ಅಳೆಯೋದೇ ತಾನೆ. ಇಬ್ಬರು ಸಿಕ್ಕಿದ್ದಾರೆ, ಇನ್ನಿಬ್ಬರು ಬೇಕು. ಓವನ್‌ಗೆ ಎಚ್‌ಒಡಿ ಸರ್ ಅನುಮತಿ ಕೇಳಿ ಪತ್ರ ಕೊಟ್ಟಾಗಿದೆ, ಸಹಿ ಬಾಕಿ ಇದೆ.